ಚಿತ್ರಸಂತೆಗೆ ಮೊದಲ ಸಲ: ಬುದ್ಧನನ್ನು ಒಯ್ಯಲಾ, ಹೂವಿನ ಮಾರ್ಕೆಟ್ ಒಯ್ಯಲಾ?

ಕಡ್ಲೆಪುರಿ (ಹನುಮಂತನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಭಾನುವಾರದ ಚಿತ್ರಕಲಾ ಬಳಗದವರಿಗೆ ನಾನು ಗೊತ್ತು. ಉಳಿದವರಿಗೆ ಹೇಳಬೇಕೆಂದರೆ, ವಾರದಲ್ಲಿ ಐದು ದಿನ ಒಂದು ಕಂಪನಿಯ ಲೆಕ್ಕ ಬರೆಯುತ್ತೇನೆ. ಆರನೇ ದಿನ ಮನೆ ಕೆಲಸ. ಏಳನೇ ದಿನ ಜಲವರ್ಣ. ಮೂರು ವರ್ಷದಿಂದ ಹೀಗೇ ನಡೆದಿದೆ.

ಈ ಸಲ ಧೈರ್ಯ ಮಾಡಿ ಚಿತ್ರಸಂತೆಗೆ, ಅಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಬೀದಿಯಲ್ಲಿ ನಡೆಸುವ ಚಿತ್ರಗಳ ಸಂತೆಗೆ, ಅರ್ಜಿ ಹಾಕಿದ್ದೆ. ಜಾಗ ಸಿಕ್ಕಿದೆ! ಕುಮಾರಕೃಪಾ ರಸ್ತೆಯಲ್ಲಿ ಒಂದು ದಿನದ ಮಟ್ಟಿಗೆ ನಾನೂ ಅಂಗಡಿ ಇಡುತ್ತೇನೆ. ಖುಷಿ ಒಂದು ಗಂಟೆ ಇತ್ತು. ಆಮೇಲೆ ತಲೆಬಿಸಿ ಶುರುವಾಯಿತು.

ನನ್ನ ಹತ್ತಿರ ಕೆ.ಆರ್. ಮಾರ್ಕೆಟ್ ಮತ್ತು ಗಾಂಧಿಬಜಾರಿನ ಹೂವಿನವರ 14 ಚಿತ್ರಗಳಿವೆ. ನಮ್ಮ ಭಾವ ಪ್ರತಿ ವರ್ಷ ಸಂತೆ ಸುತ್ತುವವರು. ಅವರು ನೋಡಿ, “ಅಲ್ಲಿ ಓಡೋದು ಬುದ್ಧ, ಕುದುರೆ, ಗಣೇಶ. ಮಾರ್ಕೆಟ್ ಚಿತ್ರ ಯಾರಿಗೆ ಬೇಕಮ್ಮ, ಮಾರ್ಕೆಟ್ಟೇ ಇದೆಯಲ್ಲ” ಅಂದರು. ಮನಸ್ಸಿಗೆ ನಾಟಿತು. ಎರಡು ವಾರ ಕೂತು ಆರು ಬುದ್ಧ ಮಾಡಿದೆ. ಕಣ್ಣು ಮುಚ್ಚಿದ ಮುಖ, ಹಿಂದೆ ನೀಲಿ, ಒಂದು ಕಮಲ. ಚೆನ್ನಾಗಿಯೇ ಬಂದಿವೆ. ಆದರೆ ಗೋಡೆಗೆ ಒರಗಿಸಿಟ್ಟರೆ ಯಾರದೋ ಮನೆಯ ಸಾಮಾನು ನಮ್ಮ ಮನೆಗೆ ಬಂದ ಹಾಗೆ ಕಾಣುತ್ತದೆ.

ಏನು ಮಾಡಲಿ? ಸುಮ್ನೆ “ಮನಸ್ಸಿಗೆ ಬಂದದ್ದು ಮಾಡು” ಅನ್ನಬೇಡಿ. ನೀವೆಲ್ಲ ಇಲ್ಲಿಗೆ ಹೇಗೆ ಬಂದಿರಿ, ಆಗ ಏನು ಮಾಡಿದಿರಿ, ಅದು ಹೇಳಿ.

ಹಳೇಕಟೌಟ್

ಅಮ್ಮಾ, ಬುದ್ಧನ ಮೇಲೆ ಕೋಪ ಬೇಡ. ಅವನು ಏನು ಮಾಡಿದ?

ನನ್ನ ಕಥೆ ಕೇಳು. ನನಗೆ ಹದಿನಾಲ್ಕು ವರ್ಷ ಇದ್ದಾಗ ಮೆಜೆಸ್ಟಿಕ್ ಹತ್ತಿರ ಒಂದು ಶೆಡ್ಡಿಗೆ ಸೇರಿಸಿದರು. ಸಿನಿಮಾ ಬ್ಯಾನರ್, ಕಟೌಟ್ ಬರೆಯುವ ಜಾಗ. ಮೊದಲ ಎರಡು ವರ್ಷ ಕುಂಚ ತೊಳೆದೆ. ಬಣ್ಣದ ಪುಡಿಗೆ ಎಣ್ಣೆ ಹಾಕಿ ಕಲೆಸಿದೆ. ಮೂರನೇ ವರ್ಷ ಚೌಕ ಹಾಕಲು ಬಿಟ್ಟರು. ಅಂಗೈ ಅಗಲದ ಸ್ಟಿಲ್ (ಸಿನಿಮಾದ ಫೋಟೋ) ಮೇಲೆ ಪೆನ್ಸಿಲಿನಲ್ಲಿ ಚೌಕ, ಅದೇ ಲೆಕ್ಕದಲ್ಲಿ ಪ್ಲೈವುಡ್ ಮೇಲೆ ಸುಣ್ಣದ ದಾರ ಎಳೆದು ದೊಡ್ಡ ಚೌಕ. ಇಲ್ಲಿ ಒಂದು ಇಂಚು ಅಂದರೆ ಅಲ್ಲಿ ಐದಾರು ಅಡಿ. ಮೂಗು ಒಬ್ಬ, ಅಂಗಿ ಇನ್ನೊಬ್ಬ. ಕಣ್ಣು ಮಾತ್ರ ಮೇಸ್ತ್ರಿ ಬರೆಯಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ನಲವತ್ತು ಅಡಿ ಎತ್ತರದ ಹೀರೋನನ್ನು ತುಂಡು ತುಂಡಾಗಿ ಬರೆದು ಗುರುವಾರ ರಾತ್ರಿ ಕೆ.ಜಿ. ರಸ್ತೆಯಲ್ಲಿ ನಿಲ್ಲಿಸುತ್ತಿದ್ದೆವು. ಶುಕ್ರವಾರ ಜನ ಅದಕ್ಕೆ ಹಾರ ಹಾಕಿ ಹಾಲು ಸುರಿಯುತ್ತಿದ್ದರು. ಒಳ್ಳೆ ಬಣ್ಣ ಹಾಲಿಗೆ ಜಗ್ಗುವುದಿಲ್ಲ, ಅದು ಬೇರೆ ವಿಷಯ. ಆ ಹೀರೋ ನಾನು ಬರೆದದ್ದು ಅಂತ ಒಬ್ಬನಿಗೂ ಗೊತ್ತಿರಲಿಲ್ಲ. ಸಹಿ ಹಾಕುವ ಪದ್ಧತಿಯೇ ಇರಲಿಲ್ಲ.

ಆಮೇಲೆ ಫ್ಲೆಕ್ಸ್ ಬಂತು. ನಾವು ವಾರಗಟ್ಟಲೆ ಮಾಡುವುದನ್ನು ಮೆಷಿನ್ ಒಂದು ಗಂಟೆಯಲ್ಲಿ ಉಗುಳುತ್ತಿತ್ತು. ನಮ್ಮ ಶೆಡ್ಡಿನ ಹುಡುಗರಲ್ಲಿ ಒಬ್ಬ ಆಟೋ ಹಿಡಿದ, ಒಬ್ಬ ಮನೆಗೆ ಪೇಂಟ್ ಹೊಡೆಯಲು ಹೋದ. ನಾನು ಅಂಗಡಿ ಬೋರ್ಡ್ ಬರೆದುಕೊಂಡಿದ್ದೆ. 2009ರಲ್ಲಿ ಬಿಬಿಎಂಪಿಯವರು ರಸ್ತೆ ಗೋಡೆಗಳ ಮೇಲೆ ಚಿತ್ರ ಬರೆಸಲು ನಮ್ಮಂಥವರನ್ನು ಕರೆದರು ನೋಡು, ಆಗ ಮತ್ತೆ ದೊಡ್ಡ ಕುಂಚ ಹಿಡಿದೆ. ಜೋಗ ಬರೆದೆ, ಹಂಪಿಯ ಕಲ್ಲಿನ ರಥ ಬರೆದೆ. ಆ ಗೋಡೆ ಮುಂದೆ ನಿಂತಾಗಲೇ ನಮ್ಮ ಬಳಗದ ಡ್ರಾಯಿಂಗ್ ಮೇಷ್ಟ್ರು ಸಿಕ್ಕಿದ್ದು. “ಭಾನುವಾರ ಬನ್ನಿ” ಅಂದರು. ಅಷ್ಟೇ ನನ್ನ ಕಥೆ.

ಹೊಟ್ಟೆಪಾಡಿಗೆ ಬರೆದದ್ದನ್ನು ಹೀಯಾಳಿಸಬೇಡ ಅಂತ ಇಷ್ಟು ಹೇಳಿದೆ. ಎರಡನ್ನೂ ತಗೊಂಡು ಹೋಗು.

ಮಕ್ಕಿಸಫೇದ

ನಾನು ಒಪ್ಪುವುದಿಲ್ಲ ಅಣ್ಣ. ಎರಡನ್ನೂ ಇಟ್ಟರೆ ಜನ ಬುದ್ಧನನ್ನೇ ಕೇಳುತ್ತಾರೆ, ಇವಳು ಮುಂದಿನ ವರ್ಷ ಹನ್ನೆರಡು ಬುದ್ಧ ಮಾಡುತ್ತಾಳೆ. ನೋಡಿದ್ದೇನೆ ನಾನು.

ನನ್ನದು ಮೈಸೂರು ಶೈಲಿ. ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದಾಗ ಪಕ್ಕದ ಬೀದಿಯಲ್ಲಿ ಒಬ್ಬರು ಹಿರಿಯರು ಹೇಳಿಕೊಡುತ್ತಿದ್ದರು. ಹೊತ್ತು ಹೋಗಲಿ ಅಂತ ಸೇರಿದೆ. ಇಪ್ಪತ್ತೆರಡು ವರ್ಷ ಆಯಿತು, ಹೊತ್ತು ಎಲ್ಲಿ ಹೋಯಿತೋ.

ಈ ಕೆಲಸ ನೋಡದವರಿಗೆ ಹೇಳುತ್ತೇನೆ. ಮೊದಲು ಹಲಗೆಗೆ ಕಾಗದ ಅಂಟಿಸಿ ಗೆರೆ ಹಾಕಬೇಕು. ಆಮೇಲೆ ಒಡವೆ, ಸೆರಗಿನ ಅಂಚು, ಮಂಟಪದ ಕಂಬ, ಎಲ್ಲೆಲ್ಲಿ ಚಿನ್ನ ಬರಬೇಕೋ ಅಲ್ಲೆಲ್ಲ ಮಕ್ಕಿ ಸಫೇದ ಎತ್ತಬೇಕು. ಬಿಳಿ ಪುಡಿ, ಮಕ್ಕಿ ಅನ್ನುವ ಹಳದಿ ಮರದಂಟು, ಗೋಂದು ಸೇರಿಸಿ ಅರೆದ ಸಣ್ಣ ಮುದ್ದೆ ಅದು. ಸಣ್ಣ ಕುಂಚದ ತುದಿಯಲ್ಲಿ ತೆಗೆದು ಚುಕ್ಕಿ ಚುಕ್ಕಿ ಇಡುವುದು. ಮುದ್ದೆ ನೀರಾದರೆ ಹರಡುತ್ತದೆ, ಗಟ್ಟಿಯಾದರೆ ಒಣಗಿ ಸಿಡಿಯುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಅದರ ಮೇಲೆ ಚಿನ್ನದ ರೇಕು. ಫ್ಯಾನ್ ಹಾಕುವ ಹಾಗಿಲ್ಲ, ಉಸಿರು ಬಿಟ್ಟರೂ ಹಾರುತ್ತದೆ. ಆಮೇಲೆ ಬಣ್ಣ. ಎಲ್ಲಕ್ಕೂ ಕೊನೆಗೆ ಮುಖ. ತಂಜಾವೂರಿನದರಲ್ಲಿ ಎತ್ತರ ಎದ್ದು ಕಾಣುತ್ತದೆ, ಕಲ್ಲು ಕೂರಿಸುತ್ತಾರೆ. ನಮ್ಮದು ಬೆರಳಾಡಿಸಿದರೆ ಗೊತ್ತಾಗುವಷ್ಟೇ.

ಒಂದು ಚಿತ್ರಕ್ಕೆ ಎರಡು ತಿಂಗಳು ಬೇಕು. ಸಂತೆಯಲ್ಲಿ ಒಬ್ಬರು ಬಂದು, “ಮೇಡಂ, ಪಕ್ಕದಲ್ಲಿ ಇದೇ ಲಕ್ಷ್ಮಿ ಎಂಟುನೂರಕ್ಕೆ ಕೊಡ್ತಾರೆ” ಅಂದರು. ಅದು ಅಚ್ಚು ಹಾಕಿದ್ದು, ಚಿನ್ನ ಅಲ್ಲ, ಚಿನ್ನದ ಬಣ್ಣದ ಹಾಳೆ. ಹೇಳಿದರೆ ಅರ್ಥ ಆಗುವುದಿಲ್ಲ. ಆಗ ಅವರಿಗೊಂದು ಮಾತು ಹೇಳಿದೆ: “ಹಿಂದೆಯೇ ಚಿತ್ರಕಲಾ ಪರಿಷತ್ತಿನ ಮ್ಯೂಸಿಯಂ ಇದೆ, ಹಳೆ ಮೈಸೂರು ಚಿತ್ರಗಳು ಒಳಗಿವೆ, ನೋಡಿಕೊಂಡು ಬನ್ನಿ.” ಹೋಗಿ ನೋಡಿ ವಾಪಸ್ ಬಂದರು! ಕೊಳ್ಳಲಿಲ್ಲ, ಆದರೆ ಚೌಕಾಸಿಯನ್ನೂ ಮಾಡಲಿಲ್ಲ.

ಹೂವಿನವರನ್ನೇ ಒಯ್ಯಿ. ದೊಡ್ಡದು ಕಡಿಮೆ, ಅಂಗೈಯಗಲದ್ದು ಜಾಸ್ತಿ.

ಕೊಳ್ಳೋನು

ನಾನು ಕಲಾವಿದ ಅಲ್ಲ. ವಿಜಯನಗರದವನು, ಪ್ರತಿ ವರ್ಷ ಸಂತೆಗೆ ಹೋಗಿ ಏನಾದರೂ ಒಂದು ತರುವವನು. 2021ರಲ್ಲಿ ಕೋವಿಡ್ ಅಂತ ಸಂತೆ ಆನ್‌ಲೈನ್ ಆಯಿತಲ್ಲ, ಆಗಲೂ ಒಂದು ತರಿಸಿದೆ. ಕಂಪ್ಯೂಟರಿನಲ್ಲಿ ಕಂಡ ಬಣ್ಣ ಬೇರೆ, ಮನೆಗೆ ಬಂದದ್ದು ಬೇರೆ.

ಕೊಳ್ಳುವವರ ಗುಟ್ಟು ಹೇಳುತ್ತೇನೆ. ಜೇಬಿನಲ್ಲಿ ಎರಡು ಸಾವಿರ. ತಲೆಯಲ್ಲಿ ಸೋಫಾ ಮೇಲಿನ ಖಾಲಿ ಗೋಡೆ. ಹೆಂಡತಿ ಹೇಳಿದ ಅಳತೆ. ಇಷ್ಟೇ. ಅಲ್ಲಿಗೆ ನೀವು ಮಾರ್ಕೆಟ್, ಬೆವರು, ಬುಟ್ಟಿ ಇಟ್ಟರೆ ಹೊಂದಲ್ಲ.

ಇನ್ನೊಂದು. ನೀವೆಲ್ಲ ಬುದ್ಧ ಅಂದರೆ ಮೂಗು ಮುರಿಯುತ್ತೀರಿ. ನಾನು ತಂದ ಒಂದು ಬುದ್ಧ ನಮ್ಮ ಅಮ್ಮನ ಕೋಣೆಯಲ್ಲಿದೆ. ಅಪ್ಪ ಹೋದಮೇಲೆ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುತ್ತಾರೆ. ಯಾರು ಬರೆದರೋ ಗೊತ್ತಿಲ್ಲ. ಅವರು “ಇದು ಮಾರಾಟದ ಸರಕು” ಅಂತ ನಾಚಿಕೊಂಡು ಮನೆಯಲ್ಲೇ ಇಟ್ಟಿದ್ದರೆ?

ಗೋಡೆಗಾರ

ಕೊಳ್ಳೋನು ಸರ್ ಹೇಳಿದ್ದು ಸರಿ. ಆದರೂ ಒಂದು ಪ್ರಶ್ನೆ. ಅಕ್ಕ, ಆ ಆರು ಬುದ್ಧ ಎಲ್ಲಿ ನೋಡಿ ಮಾಡಿದಿರಿ?

ಕಡ್ಲೆಪುರಿ

ಪಿಂಟರೆಸ್ಟ್, ಬೇರೆಯವರ ಚಿತ್ರಗಳು ಸಿಗುವ ವೆಬ್‌ಸೈಟ್. ಹೇಳಬಾರದು ಅಂದುಕೊಂಡಿದ್ದೆ.

ಗೋಡೆಗಾರ

ಹಾಗಾದರೆ ಒಯ್ಯಬೇಡಿ. ಬುದ್ಧ ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಆ ಚಿತ್ರ ಇನ್ನೊಬ್ಬ ಕಲಾವಿದನದು. ಕಲಿಯಲು ನಕಲು ಮಾಡಿ, ನೂರು ಮಾಡಿ. ಮಾರಬೇಡಿ.

ನನಗೆ ಇದು ಯಾಕೆ ಉರಿಯುತ್ತದೆ ಅಂದರೆ ನನಗೇ ಆಗಿದೆ. ಕಲಾ ಶಾಲೆ ಅರ್ಧಕ್ಕೆ ಬಿಟ್ಟು ಗೋಡೆ ಚಿತ್ರ ಶುರು ಮಾಡಿದವನು ನಾನು. ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಗೊಂಬೆ ಮೊಸಳೆ ಬಿಟ್ಟರಲ್ಲ, ಅದನ್ನು ನೋಡಿಯೇ ರಸ್ತೆಗೆ ಇಳಿದದ್ದು. ಗ್ಯಾಲರಿ ಬೇಡ, ಬೀದಿಯೇ ಸಾಕು ಅನ್ನಿಸಿತ್ತು. ಒಂದು ಕಾಫಿ ಅಂಗಡಿಗೆ ದೊಡ್ಡ ಗೋಡೆ ಬರೆದುಕೊಟ್ಟೆ. ಹನ್ನೊಂದು ದಿನದ ಕೆಲಸ. ಎರಡು ತಿಂಗಳ ನಂತರ ನೋಡಿದರೆ ಅದೇ ಚಿತ್ರ ಅವರ ಲೋಟದ ಮೇಲೆ, ಟೀ ಶರ್ಟ್ ಮೇಲೆ. ಹೋಗಿ ಕೇಳಿದರೆ “ದುಡ್ಡು ಕೊಟ್ಟಿದ್ದೀವಲ್ಲ” ಅಂದರು.

ಆಮೇಲೆ ಒಬ್ಬ ವಕೀಲರನ್ನು ಕೇಳಿದೆ. ಅವರು ಹೇಳಿದ್ದು ಕೇಳಿ ಎದೆ ಒಡೆಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತಮಗೋಸ್ಕರ ಚಿತ್ರ ಬರೆಸಿದರೆ ಹಕ್ಕು ಬರೆಸಿದವರಿಗೇ. ಬೇರೆ ಥರ ಒಪ್ಪಂದ ಇದ್ದರೆ ಮಾತ್ರ ನಮಗೆ. ನಾನು ವಾಟ್ಸ್ಯಾಪಿನಲ್ಲಿ “ಓಕೆ ಸರ್” ಅಂದಿದ್ದೆ ಅಷ್ಟೇ!

ಈಗ ಪ್ರತಿ ಕೆಲಸಕ್ಕೂ ಒಂದು ಪುಟ ಬರೆಸಿಕೊಳ್ಳುತ್ತೇನೆ. “ಗೋಡೆ ನಿಮ್ಮದು, ಚಿತ್ರದ ಹಕ್ಕು ನನ್ನದು” ಅಂತ. ಹಕ್ಕು ಬರೆದುಕೊಡುವಾಗಲೂ ಅವಧಿ ನಮೂದಿಸದಿದ್ದರೆ ಐದೇ ವರ್ಷ ಅಂತ ಲೆಕ್ಕ, ಜಾಗ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಇದು 19ನೇ ಸೆಕ್ಷನ್. ನೀವು ಯಾರೂ ಹೇಳದೆ ನೀವಾಗಿಯೇ ಬರೆದ ಚಿತ್ರ ಮಾರಿದರೆ ಹಾಳೆ ಮಾತ್ರ ಕೊಂಡವರದು, ಹಕ್ಕು ನಿಮ್ಮ ಹತ್ತಿರವೇ ಇರುತ್ತದೆ. ಸಂತೆಯಲ್ಲಿ ಮಾರುವವರಿಗೆ ಇದು ಗೊತ್ತಿರಬೇಕು.

ಹಕ್ಕು ಕೈಬಿಟ್ಟರೂ ಹೆಸರು ಕೈಬಿಡುವುದಿಲ್ಲ, ಕೃತಿ ಕೆಡಿಸಿದರೆ ಕೇಳುವ ಅಧಿಕಾರವೂ ಹೋಗುವುದಿಲ್ಲ. ಶಿಲ್ಪಿ ಅಮರನಾಥ ಸೆಹಗಲ್ ಅವರ ಕೇಸ್ ಹುಡುಕಿ ಓದಿ. ದೆಹಲಿಯ ವಿಜ್ಞಾನ ಭವನದಲ್ಲಿ ಅವರು ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದರು. ಅವರು ಬಿಡಲಿಲ್ಲ. 2005ರಲ್ಲಿ ದೆಹಲಿ ಹೈಕೋರ್ಟ್ 5 ಲಕ್ಷ ರೂಪಾಯಿ ಕೊಡಿಸಿತು, ಉಳಿದ ತುಂಡುಗಳನ್ನೂ ವಾಪಸ್ ಕೊಡಿಸಿತು.

ಕೊಳ್ಳೋನು

ಒಂದು ಅನುಮಾನ. ಹಾಗಾದರೆ ಹಳೇಕಟೌಟ್ ಅವರೂ ಸ್ಟಿಲ್ ನೋಡಿಯೇ ಬರೆದರಲ್ವಾ? ಅದು ನಕಲಲ್ಲವಾ?

ಹಳೇಕಟೌಟ್

ಸ್ಟಿಲ್ ಕೊಡುತ್ತಿದ್ದವರೇ ಸಿನಿಮಾದವರು ಸ್ವಾಮಿ, ಕದ್ದು ತಂದದ್ದಲ್ಲ. ಇನ್ನೂ ಒಂದಿದೆ. ಎಷ್ಟೋ ಸ್ಟಿಲ್ ಕಪ್ಪು ಬಿಳುಪು. ಬಣ್ಣ ನಮ್ಮದು. ಕೆನ್ನೆಗೆ ಗುಲಾಬಿ, ನೆರಳಿಗೆ ನೀಲಿ, ಕೋಪ ಬಂದರೆ ಗಲ್ಲದ ಕೆಳಗೆ ಹಸಿರು. ಹತ್ತಿರ ನಿಂತರೆ ಭೂತ, ರಸ್ತೆ ಆಚೆ ನಿಂತರೆ ಹೀರೋ. ಇದನ್ನು ಯಾವ ಫೋಟೋ ಹೇಳಿಕೊಟ್ಟೀತು?

ಆದರೆ ಹುಡುಗ ಹೇಳಿದ್ದು ಸರಿ. ಪಿಂಟರೆಸ್ಟ್ ಅಂತ ಗೊತ್ತಿದ್ದರೆ ಎರಡನ್ನೂ ಒಯ್ಯಿ ಅನ್ನುತ್ತಿರಲಿಲ್ಲ. ಮಾತು ವಾಪಸ್.

ಡ್ರಾಯಿಂಗ್‌ಮೇಷ್ಟ್ರು

ಬಳಗದ ಕಡೆಯಿಂದ ನಾನೂ ಸ್ವಲ್ಪ ಹೇಳಬೇಕು. ಉದ್ದ ಆಗುತ್ತದೆ, ಕ್ಷಮಿಸಿ. ಮೂವತ್ತೊಂದು ವರ್ಷ ಮಕ್ಕಳಿಗೆ ಮಾವಿನಕಾಯಿ, ಬೆಟ್ಟ, ಸೂರ್ಯ ಬರೆಸಿದವನ ಚಾಳಿ.

ಮೊದಲು ಕೆಲವರು ಖಾಸಗಿಯಾಗಿ ಕೇಳಿದ್ದಕ್ಕೆ ಉತ್ತರ. “ಕಲಾ ಶಾಲೆಯಲ್ಲಿ ಓದದವರನ್ನೆಲ್ಲ ಯಾಕೆ ಸೇರಿಸಿಕೊಳ್ಳುತ್ತೀರಿ?” ಅಂತ. ಈ ಊರಿನ ಚರಿತ್ರೆ ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ರುಮಾಲೆ ಚನ್ನಬಸವಯ್ಯನವರನ್ನೇ ನೋಡಿ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲ ಮುಗಿಸಿಕೊಂಡು ಕುಂಚಕ್ಕೆ ಮರಳಿದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರ ಹಾಗೆ ಕಂಡವರು ಇನ್ನೊಬ್ಬರಿಲ್ಲ. ಹಡಪದ್ ಮೇಷ್ಟ್ರು ಕಟ್ಟಿದ ಕೆನ್ ಕಲಾಶಾಲೆಯೂ ಹಾಗೇ. ದೊಡ್ಡ ಕಟ್ಟಡದ ಬಲದಿಂದ ನಿಂತದ್ದಲ್ಲ, ಒಬ್ಬ ಮೇಷ್ಟ್ರ ಹಠದಿಂದ ನಿಂತದ್ದು. ಇವತ್ತು ಜಗತ್ತು ಸುತ್ತುತ್ತಿರುವ ಕಲಾವಿದೆ ಶೀಲಾ ಗೌಡ ಅಲ್ಲೇ ಕಲಿತವರು.

2016ರಲ್ಲಿ ಸರ್ಕಾರದ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರ ಕೈಗೆ ಕೊಡುತ್ತಾರೆ ಅಂದಾಗ ಕಲಾವಿದರೆಲ್ಲ ಬೀದಿಗೆ ಬಂದರು. ನಾನೂ ಕಸ್ತೂರಬಾ ರಸ್ತೆಯಲ್ಲಿ ನಿಂತಿದ್ದೆ. ಕಡಿಮೆ ಬಾಡಿಗೆಗೆ ಹೊಸಬರಿಗೆ ಗೋಡೆ ಸಿಗುವ ಜಾಗ ಅದು, ಬಿಟ್ಟುಕೊಡಲು ಆಗುತ್ತಾ? ಆ ದಿನ ಪಕ್ಕದಲ್ಲಿ ನಿಂತವರ ಹತ್ತಿರ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ.

ಈಗ ಕಡ್ಲೆಪುರಿಯ ವಿಷಯ. ಬಳಗದಲ್ಲಿ ನಮ್ಮದೊಂದು ನಿಯಮ ಇದೆ, ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಚಿತ್ರವನ್ನು ನೆಲದ ಮೇಲೆ ಇಡಬೇಕು. ಬರೆದವರು ಐದು ನಿಮಿಷ ಬಾಯಿ ತೆಗೆಯಬಾರದು. “ಇದರಲ್ಲಿ ನಾನು ಏನು ಹೇಳೋಕೆ ಹೊರಟೆ ಅಂದರೆ” ಅನ್ನುವ ಹಾಗಿಲ್ಲ. ಉಳಿದವರು ಕಂಡದ್ದನ್ನು ಹೇಳುತ್ತಾರೆ. ಎಷ್ಟೋ ಜನ ಮುಂದಿನ ವಾರ ಬರುವುದಿಲ್ಲ. ಕಡ್ಲೆಪುರಿ ಬಂದಳು.

ಮೊದಲ ವರ್ಷ ಅವಳ ಮಾರ್ಕೆಟ್ ಚಿತ್ರಗಳು ಕ್ಯಾಲೆಂಡರ್ ಹಾಗಿದ್ದವು. ಹೂವೆಲ್ಲ ಕೂಗುತ್ತಿತ್ತು, ಮುಖಗಳೆಲ್ಲ ಒಂದೇ. ಆಗ ಹಳೇಕಟೌಟ್ ಒಂದು ಮಾತು ಹೇಳಿದರು, ನೆನಪಿದೆಯಾ? “ಮುಖ ಬಿಡಮ್ಮ, ಮೊಳ ಹಾಕೋ ಕೈ ನೋಡು.” ಅಲ್ಲಿಂದ ಆಚೆಯ ಚಿತ್ರಗಳೇ ಬೇರೆ. 14ರಲ್ಲಿ 9 ಒಯ್ಯಿ. ಉಳಿದ ಐದು ಆ ಮಾತಿಗಿಂತ ಮುಂಚಿನವು, ಯಾವುವು ಅಂತ ನಿನಗೇ ಗೊತ್ತು.

ಕಡ್ಲೆಪುರಿ

ಗೊತ್ತು ಸರ್. ಆ ಐದೇ ನಮ್ಮ ಮನೆಯವರಿಗೆ ಇಷ್ಟ, ಅದೇ ಕಷ್ಟ!

ಮೊಳದ ಕೈ ಅಂದದ್ದಕ್ಕೆ ಒಂದು ಹೇಳಬೇಕು. ನಮ್ಮ ಅಜ್ಜಿ ಮನೆ ಜಗಲಿಯಲ್ಲಿ ಕೂತು ಹೂ ಕಟ್ಟಿ ಮಾರುತ್ತಿದ್ದರು. ಕನಕಾಂಬರ, ಮಲ್ಲಿಗೆ, ಮರುಗ. ಗುರುತಿನವರು ಬಂದರೆ ಅಜ್ಜಿಯ ಮೊಳ ಉದ್ದ ಆಗುತ್ತಿತ್ತು. ಚೌಕಾಸಿ ಮಾಡುವವರು ಬಂದರೆ ಮೊಣಕೈ ಹೇಗೋ ಒಳಗೆ ಹೋಗಿಬಿಡುತ್ತಿತ್ತು. ಚಿಕ್ಕವಳಿದ್ದಾಗ ಅದು ಮೋಸ ಅಂದುಕೊಂಡಿದ್ದೆ. ಅಣ್ಣ ಆ ಮಾತು ಹೇಳಿದ ದಿನ ಮಾರ್ಕೆಟ್ಟಿಗೆ ಹೋಗಿ ಬರೀ ಕೈಗಳನ್ನೇ ನೋಡಿದೆ. ಒಂದು ಬೆಳಗ್ಗೆ ಮೂವತ್ತು ಕೈ ಬರೆದೆ. ಒಬ್ಬೊಬ್ಬರ ಮೊಳವೂ ಬೇರೆ.

ಸರಿ, ಬುದ್ಧ ಬರುವುದಿಲ್ಲ. ಆದರೆ ಒಳ್ಳೆ ಹತ್ತಿಯ ಹಾಳೆ, 300 ಜಿಎಸ್‌ಎಂ, ಆರು ದೊಡ್ಡ ಹಾಳೆ ದಂಡ ಆಯಿತಲ್ಲ ಅಂತ ಲೆಕ್ಕದವಳ ಹೊಟ್ಟೆ ಉರಿಯುತ್ತಿದೆ.

ಮಕ್ಕಿಸಫೇದ

ದಂಡ ಯಾಕೆ? ಆ ಹಾಳೆಗೆ ಎರಡು ಮುಖ ಇಲ್ಲವಾ? ತಿರುಗಿಸು, ಬರಿ.

ಕಟ್ಟಿಕೊಳ್ಳಬೇಕಾದ ಸಾಮಾನು ಹೇಳುತ್ತೇನೆ: ಬಟ್ಟೆ ಕ್ಲಿಪ್ಪು, ಪ್ಲಾಸ್ಟಿಕ್ ಹಾಳೆ, ದಾರ, ಚಿಲ್ಲರೆ, ಕ್ಯೂಆರ್ ಕೋಡ್, ಮಡಚುವ ಕುರ್ಚಿ. ಗಾಜಿನ ಫ್ರೇಮ್ ಬೇಡ. ಗಾಳಿಗೆ ಒಂದು ಬಿದ್ದರೆ ಉಳಿದದ್ದನ್ನೂ ಕೆಡವುತ್ತದೆ. ಮೌಂಟ್ (ರಟ್ಟಿನ ಅಂಚು) ಹಾಕಿ ಕವರಿನಲ್ಲಿಡು. ಮಧ್ಯಾಹ್ನದ ಬಿಸಿಲು ನೇರ ಬೀಳದ ಹಾಗೆ ನೋಡಿಕೋ, ಜಲವರ್ಣ ಬಿಸಿಲಿಗೆ ಕಳೆಗುಂದುತ್ತದೆ. ಪಕ್ಕದ ಅಂಗಡಿಯವರ ಹತ್ತಿರ ಬೆಳಗ್ಗೆಯೇ ಸ್ನೇಹ ಮಾಡು. ಬಾತ್‌ರೂಮಿಗೆ ಹೋಗುವಾಗ ಯಾರು ನೋಡಿಕೊಳ್ಳುತ್ತಾರೆ ಮತ್ತೆ?

ಗೋಡೆಗಾರ

ಸಹಿ, ವರ್ಷ ಮರೆಯಬೇಡಿ. ಮಾರಿದ್ದರ ಫೋಟೋ ಇಟ್ಟುಕೊಳ್ಳಿ. ಬೆಲೆ ಬರೆದು ಅಂಟಿಸಿ, ಬಾಯಲ್ಲಿ ಹೇಳಲು ಹೋದರೆ ನಾಚಿಕೆಗೆ ಅರ್ಧ ಬೆಲೆ ಹೇಳಿಬಿಡುತ್ತೀರಿ. ನಾನು ಹೇಳಿದ್ದೇನೆ.

ಕಡ್ಲೆಪುರಿ (ಎರಡು ತಿಂಗಳ ನಂತರ)

ಸಂತೆ ಮುಗಿಯಿತು. ಕಾಲು ಇನ್ನೂ ನೋಯುತ್ತಿದೆ. ವರದಿ ಒಪ್ಪಿಸುತ್ತೇನೆ.

ಬೆಳಗ್ಗೆ ಏಳಕ್ಕೆ ಹೋದೆವು. ಹತ್ತರವರೆಗೆ ನೊಣ ಹೊಡೆದೆ. ಹನ್ನೊಂದಕ್ಕೆ ಜಾತ್ರೆ. ನಿಂತು ನೋಡುವವರಿಗಿಂತ ಹಿಂದಿನಿಂದ ತಳ್ಳಿಸಿಕೊಂಡು ಹೋಗುವವರೇ ಜಾಸ್ತಿ. ಒಬ್ಬರು ಚಿತ್ರ ಬಿಟ್ಟು ನನ್ನ ಮಡಚುವ ಕುರ್ಚಿಯ ಬೆಲೆ ಕೇಳಿದರು.

ಒಯ್ದದ್ದು ಒಂಬತ್ತು ಹಳೆಯದು, ಬುದ್ಧನ ಬೆನ್ನ ಮೇಲೆ ಬರೆದ ನಾಲ್ಕು ಹೊಸದು, ಅಂಗೈಯಗಲದ ಕೈಗಳು ಇಪ್ಪತ್ತು. ಸಣ್ಣ ಕೈಗಳಲ್ಲಿ ಹದಿನೇಳು ಹೋದವು, ಒಂದಕ್ಕೆ 400 ರೂಪಾಯಿ. ದೊಡ್ಡದರಲ್ಲಿ ಹೋದದ್ದು ಮೂರು. ಮಕ್ಕಿಸಫೇದ ಅಕ್ಕನಿಗೆ ಒಂದೂ ಮಾರಲಿಲ್ಲ, ಎರಡು ಆರ್ಡರ್ ಬಂತು. ಭಾವ ಸಂಜೆ ಬಂದು ಪಕ್ಕದ ಸಾಲಿನಲ್ಲಿ ಒಂದು ಕುದುರೆ ಕೊಂಡರು.

ಹಳೇಕಟೌಟ್ ಅಣ್ಣ ನನ್ನ ಅಂಗಡಿ ಮುಂದೆ ಸ್ಟೂಲ್ ಹಾಕಿಕೊಂಡು ನಾಲ್ಕು ಇಂಚಿನ ಕುಂಚದಲ್ಲಿ ಮಕ್ಕಳ ಮುಖ ಬರೆದರು. ನೀಲಿ ನೆರಳು, ಗುಲಾಬಿ ಕೆನ್ನೆ, ಎಲ್ಲಾ ಮಕ್ಕಳೂ ಹೀರೋಗಳೇ. ಒಂದು ಹುಡುಗಿ “ತಾತ, ಸೈನ್ ಹಾಕಿ” ಅಂದಳು. ಅಣ್ಣ ಬೇರೆ ಹಾಳೆಯ ಮೇಲೆ ನಾಲ್ಕು ಥರ ಸಹಿ ಮಾಡಿ ನೋಡಿದರು, ಆಮೇಲೆ ನನ್ನನ್ನು “ಯಾವುದು ಚೆನ್ನಾಗಿದೆ?” ಅಂತ ಕೇಳಿದರು. ಹಿಂದೆ ಕ್ಯೂ ನಿಂತಿತ್ತು.

ಕೊನೆಗೆ ಒಂದು ತಮಾಷೆ. ಐದು ಗಂಟೆಗೆ ಒಬ್ಬ ಅಜ್ಜಿ ಬಂದು ಮೊಳ ಹಾಕುವ ಕೈಯ ದೊಡ್ಡ ಚಿತ್ರ ಕೇಳಿದರು, ಹೊಸದರಲ್ಲಿ ಒಂದು. ಕವರಿನಿಂದ ತೆಗೆದು ತಿರುಗಿಸಿ ನೋಡಿದರೆ ಹಿಂದೆ ಬುದ್ಧ! ನನಗೆ ಜೀವ ಹೋಯಿತು. ಇದು ಬೇರೆಯವರ ಚಿತ್ರ ನೋಡಿ ಕಲಿಯಲು ಬರೆದದ್ದು, ಹಾಳೆ ಉಳಿಸಲು ಹಿಂದೆ ಹೀಗೆ ಮಾಡಿದೆ ಅಂತ ಇದ್ದದ್ದನ್ನು ಹೇಳಿದೆ. ಬೇಡ ಅಂತಾರೆ ಅಂದುಕೊಂಡೆ. ಅಜ್ಜಿ ನಕ್ಕು, “ಇರಲಿ ಬಿಡು ಮಗಳೇ, ಇದಕ್ಕೇನೂ ಜಾಸ್ತಿ ಕೇಳಲ್ಲ ತಾನೆ?” ಅಂದರು.

ಗೋಡೆಗಾರ

ಅಕ್ಕ, ಹಿಂದುಗಡೆ ಸಹಿ ಹಾಕಿರಲಿಲ್ಲ ತಾನೆ?

ಕಡ್ಲೆಪುರಿ

ಇಲ್ಲಪ್ಪ. ಕೈ ಇರುವ ಕಡೆ ಮಾತ್ರ.